ಐದನೆಯ ಮಂಚದ ಕೆಂಪು ದಾರ

ಬೇಗೆ ತಿಂಗಳ ಮೂವತ್ತೆಂಟನೆಯ ದಿನ, ಮುಚ್ಚುಹೊತ್ತು.
ನಿಮ್ಮ ಲೆಕ್ಕದಲ್ಲಿ ಇಸವಿ 2189.

ಹೆಸರು ಗೊತ್ತಿಲ್ಲದ ಅಕ್ಕನವರಿಗೆ, ದಾದಿ ಹೊನ್ನಕ್ಕ ಬೆಳವಣಿಕಿ ಮಾಡುವ ಶರಣು.

ತಿಂಗಳಿಗೆ ಮೂವತ್ತೆಂಟನೆಯ ದಿನ ಎಲ್ಲಿಂದ ಬಂತು, ಈಕೆಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಕೊನೆಗೆ ಮಿಕ್ಕುವ ಐದು ದಿನಗಳಿಗೆ ಉಳಿಕೆ ದಿನಗಳೆಂದೇ ಹೆಸರು. ಆ ಐದು ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ, ಆಸ್ಪತ್ರೆಯೊಂದನ್ನು ಬಿಟ್ಟು. ಮುಚ್ಚುಹೊತ್ತು ಎಂದರೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗಿನ ಬಿಸಿಲಿನ ಹೊತ್ತು. ಆಗ ಯಾರೂ ಬಯಲಿಗೆ ಕಾಲಿಡುವುದಿಲ್ಲ, ಹೋಗಲೇಬೇಕಾದವರು ಬೇವಿನ ಮರಗಳ ನಡುವೆ ಬಟ್ಟೆ ಹೊದಿಸಿದ ನೆರಳುದಾರಿಯಲ್ಲಿ ಹೋಗುತ್ತಾರೆ. ಇನ್ನು ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಆಡಿ ಕಲಿತವಳಲ್ಲ. ನಾವು ಇನ್ನೂ ಜೋಳದ ರೊಟ್ಟಿ ತಿನ್ನುತ್ತೇವೆ, ನಂಜಿಕೊಳ್ಳಲು ಶೇಂಗಾ ಹಿಂಡಿ ಇಲ್ಲದಿದ್ದರೆ ಮುಖ ಗಂಟು ಹಾಕುತ್ತೇವೆ. ಅಷ್ಟು ಹೇಳಿದರೆ ನಾವು ಬೇರೆ ಜನವಲ್ಲ ಎಂಬುದು ತಿಳಿಯಬೇಕು.

ನೀವು ಯಾರೆಂದು ನನಗೆ ಗೊತ್ತಿಲ್ಲ, ಆದರೂ ನಿಮ್ಮ ಕೈಬರಹ ನನ್ನ ತಾಯಿಯ ಕೈಬರಹಕ್ಕಿಂತ ಹೆಚ್ಚು ಗೊತ್ತು. ನಮ್ಮ ದಾದಿಯರ ಶಾಲೆಯ ಮೊದಲ ಕೋಣೆಯಲ್ಲಿ, ಕಿಟಕಿಯ ಪಕ್ಕ, ಗಾಜಿನ ಚೌಕಟ್ಟಿನೊಳಗೆ ನಿಮ್ಮ ರಿಜಿಸ್ಟರಿನ ಎರಡು ಹಾಳೆಗಳಿವೆ. ಪಾಳಿ ಬದಲಾಗುವಾಗ ಒಬ್ಬ ದಾದಿ ಇನ್ನೊಬ್ಬಳಿಗೆ ರೋಗಿಗಳನ್ನು ಒಪ್ಪಿಸುವ ರಿಜಿಸ್ಟರ್ ಅದು. ಊರಿನ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಮೊದಲ ಹಾಳೆಯಲ್ಲಿ ಮಧ್ಯಾಹ್ನ ಎರಡರ ಪಾಳಿ. ಒಂದನೆಯ ಬೆಡ್ಡಿಗೆ ಸಲೈನ್ ಬದಲಿಸಬೇಕು, ಮೂರನೆಯ ಬೆಡ್ಡಿನ ಎಕ್ಸ್‌ರೇ ಬರಬೇಕು ಎಂದೆಲ್ಲ ಬರೆದು, ಐದನೆಯ ಬೆಡ್ಡಿನ ಮುಂದೆ ಎರಡೇ ಪದ ಬರೆದಿದ್ದೀರಿ: ‘ಆರಾಮ ಮಲಗ್ಯಾರ’. ಅದರ ಕೆಳಗೆ ಬೇರೆ ಯಾರದೋ ಕೈಯಲ್ಲಿ 4.40 ಎಂದಿದೆ, ಆಮೇಲೆ ರೋಗಿ ತೀರಿಕೊಂಡಾಗ ಎಳೆಯುವ ಕೆಂಪು ಶಾಯಿಯ ಒಂದು ಗೆರೆ. ಆ ಹಾಳೆ ಮೇಲಿನಿಂದ ನಡುವಿನವರೆಗೆ ಹರಿದಿದೆ, ಅಲ್ಲಿಗೆ ನಿಂತಿದೆ. ಎರಡನೆಯ ಹಾಳೆ ಮೂರು ದಿನ ಬಿಟ್ಟು ಬರೆದದ್ದು. ಅದರಲ್ಲಿ ನೀವು ಅಡಿಪಟ್ಟಿ ಹಿಡಿದು ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದ್ದೀರಿ. ಕಾಲಂ ಮೇಲೆ ಮೂರು ಮಾತು: ನೆಲೆ, ಕಣ್ಣು, ಕೈ. ಕೆಳಗೆ ‘ಗಿ’ ಎಂಬ ಒಂದಕ್ಷರದ ಸಹಿ. ಗಿರಿಜೆಯೋ ಗಿರಿಯಮ್ಮನೋ ಎಂದು ನಮ್ಮ ವಿದ್ಯಾರ್ಥಿನಿಯರು ಪ್ರತಿ ವರ್ಷ ಜಗಳವಾಡುತ್ತಾರೆ.

ನೀವು ಗೆರೆ ಎಳೆದು ಬರೆದ ಆ ಮೂರು ಮಾತು ನೂರಾರು ಆಸ್ಪತ್ರೆಗಳಿಗೆ ಕಟ್ಟಳೆಯಾಯಿತು ಎಂದರೆ ನಿಮಗೆ ನಗು ಬರಬಹುದು. ನೆಲೆ ಎಂದರೆ ರೋಗಿ ನೆಲೆ ನಿಂತಿದ್ದಾರೆ, ಎರಡು ಗಂಟೆಗೊಮ್ಮೆ ನೋಡಿದರೆ ಸಾಕು. ಕೈ ಎಂದರೆ ಈಗಲೇ ಕೈ ಹಚ್ಚಬೇಕು, ಮಂಚದ ಪಕ್ಕದಿಂದ ಯಾರೂ ಕದಲುವಂತಿಲ್ಲ. ಇವೆರಡರ ನಡುವಿನದು ಕಣ್ಣು. ಈಗ ನೋಡಿದರೆ ಏನೂ ಇಲ್ಲ, ತೋರಿಸಲು ಒಂದು ಅಂಕಿಯೂ ಇಲ್ಲ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ ಎಂದು ಅದರ ಅರ್ಥ. ಕಣ್ಣು ಎನಿಸಿಕೊಂಡ ಮಂಚಕ್ಕೆ ಕಾಲುಗಂಟೆಗೊಮ್ಮೆ ಒಬ್ಬರು ಹೋಗಿ ಹಣೆ ಮುಟ್ಟಿ, ಹೆಸರು ಹಿಡಿದು ಕರೆದು, ಉತ್ತರ ಬರುವವರೆಗೆ ನಿಲ್ಲಬೇಕು. ಹೊಟ್ಟೆಯೊಳಗಿನ ಸಂಕಟವನ್ನು ಕಾರಣ ಕೇಳದೆ ನಂಬುವ ಒಂದೇ ಒಂದು ಕಟ್ಟಳೆ ನಮ್ಮಲ್ಲಿದ್ದರೆ ಅದು ಇದು.

ಪಾಳಿ ಒಪ್ಪಿಸುವುದಕ್ಕೆ ನಾವು ಉಡಿ ಎನ್ನುತ್ತೇವೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ‘ನಿಮ್ಮ ಉಡಿಯೊಳಗ ಹಾಕೀವ್ರಿ’ ಎನ್ನುತ್ತಿದ್ದರಲ್ಲ, ಅಲ್ಲಿಂದ ಬಂದದ್ದು. ನಮ್ಮ ಮೇಲಂಗಿಯ ಮುಂದೆ ಮಡಿಕೆ ಹಾಕಿ ಹೊಲಿದ ಜೇಬಿಗೂ ಅದೇ ಹೆಸರು. ಪ್ರತಿ ಮಂಚಕ್ಕೂ ಬೇವಿನ ಕಟ್ಟಿಗೆಯ ಒಂದು ಬಿಲ್ಲೆ ಇದೆ, ರೂಪಾಯಿಯಷ್ಟು ಅಗಲ, ಮುಟ್ಟಿ ಮುಟ್ಟಿ ನುಣುಪಾಗಿದೆ. ದಿನಕ್ಕೆ ಮೂರು ಸಲ, ಹೋಗುವವಳೂ ಬರುವವಳೂ ಮಂಚದಿಂದ ಮಂಚಕ್ಕೆ ಜೊತೆಯಾಗಿ ನಡೆಯುತ್ತಾರೆ. ಹೋಗುವವಳು ಮೊದಲು ಆ ಮೂರರಲ್ಲಿ ಒಂದು ಮಾತು ಹೇಳಬೇಕು, ಆಮೇಲೆ ಉಳಿದ ವರದಿ. ಬರುವವಳು ಆ ಮಾತನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು. ಆಗ ಬಿಲ್ಲೆ ಇವಳ ಉಡಿಯಿಂದ ಅವಳ ಉಡಿಗೆ ಬೀಳುತ್ತದೆ. ಕಣ್ಣು ಎನ್ನುವುದಾದರೆ ಬಿಲ್ಲೆಯ ತೂತಿಗೆ ಕೆಂಪು ದಾರ ಕಟ್ಟಿರಬೇಕು. ಕತ್ತಲಲ್ಲಿ ಜೇಬಿಗೆ ಕೈ ಹಾಕಿದರೂ ದಾರ ಬೆರಳಿಗೆ ಸಿಗಬೇಕು ಎಂಬುದು ಉದ್ದೇಶ.

ನಮ್ಮ ವಾರ್ಡಿನಲ್ಲಿ ಇನ್ನೊಂದು ಸಂಗತಿ ಉಂಟು, ಅದನ್ನು ಗೋಡೆ ಎನ್ನುತ್ತೇವೆ. ಅದು ನಿಜಕ್ಕೂ ಗೋಡೆಯೇ. ಮಲಗಿದವರ ಉಸಿರು, ನಾಡಿ, ರಕ್ತದೊತ್ತಡ, ಮೈಕಾವು ಎಲ್ಲವನ್ನೂ ಮುಟ್ಟದೆ ಅಳೆದು, ಮಂಚದ ತಲೆಯ ಮೇಲೆ ನೆಲೆ ಎಂದೋ ಕೈ ಎಂದೋ ಬರೆಯುತ್ತದೆ. ನಿಮ್ಮ ಕಾಲದಲ್ಲಿ ಗೋಡೆಗೂ ಕಿವಿಯಿದೆ ಎನ್ನುತ್ತಿದ್ದಿರಂತೆ. ನಮ್ಮದಕ್ಕೆ ಕಿವಿಯ ಜೊತೆ ಮೂಗು, ಚರ್ಮ ಎಲ್ಲವೂ ಇವೆ. ಕಣ್ಣು ಎಂದು ಬರೆಯಲು ಮಾತ್ರ ಅದಕ್ಕೆ ಬರುವುದಿಲ್ಲ. ಅದನ್ನು ದಾದಿಯರೇ ಹೇಳಬೇಕು. ಕಳೆದ ವರ್ಷ ನಮ್ಮಲ್ಲಿ ಅರವತ್ತು ಸಲ ಕಣ್ಣು ಎಂದೆವು, ಐವತ್ನಾಲ್ಕು ಸಲ ಏನೂ ಆಗಲಿಲ್ಲ. ಹಾಗೆ ಏನೂ ಆಗದೆ ಹೋದದ್ದಕ್ಕೆ ಹುಸಿಗಣ್ಣು ಎನ್ನುತ್ತಾರೆ. ಈ ಲೆಕ್ಕ ಹಿಡಿದುಕೊಂಡೇ ಆರೋಗ್ಯಸಭೆಯವರು ಕಣ್ಣು ಎಂಬ ಮಾತನ್ನೇ ತೆಗೆದುಹಾಕೋಣ, ಗೋಡೆ ಹೇಳಿದ್ದು ಸಾಕು ಎನ್ನುತ್ತಿದ್ದಾರೆ. ನಾಳೆ ಬೆಳಿಗ್ಗೆ ಅದರ ತೀರ್ಮಾನ.

ಇನ್ನು ರೆಬೆಕ್ಕ ಅಕ್ಕೋರ ಬಗ್ಗೆ ಬರೆಯಬೇಕು. ಅಕ್ಕೋರು ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸು. ಇಪ್ಪತ್ತೊಂಬತ್ತು ವರ್ಷ ನಿಮ್ಮ ಹಾಳೆಗಳ ಕೆಳಗೆ ನಿಂತು ಪಾಠ ಹೇಳಿದವರು ಅವರು. ಗಿಡ್ಡ ಹೆಂಗಸು, ದೊಡ್ಡ ದನಿ. ಹಾಸಿಗೆಯ ಚಾದರ ಒಂದು ಬೆರಳು ಓರೆಯಾದರೂ ಎಳೆದು ನೆಲಕ್ಕೆ ಹಾಕಿ, ಮತ್ತೆ ಹಾಸಲು ಹೇಳುತ್ತಿದ್ದರು. ನೀರಿನ ತಂಬಿಗೆ ರೋಗಿಯ ಬಲಗೈ ಕಡೆಯೇ ಇರಬೇಕು, ಎಡಕ್ಕಿಟ್ಟವಳಿಗೆ ಆ ದಿನ ಗ್ರಹಚಾರ. ಮೊದಲ ದಿನವೇ ನಿಮ್ಮ ಹಾಳೆ ತೋರಿಸಿ ಕೇಳುತ್ತಿದ್ದರು, “ಆರಾಮ ಮಲಗ್ಯಾರ ಅಂತ ಬರದಾಳ ನೋಡ್ರಿ. ಆರಾಮ ಯಾರಿಗೆ? ಮಲಗಿದವರಿಗೋ, ಹೇಳಿದವರಿಗೋ?” ನಮ್ಮ ಭಾಷೆಯ ಈ ಮಾತು ಎಂಥ ಮೋಸಗಾರ ಎಂದು ಅವರೇ ನಮಗೆ ಬಿಡಿಸಿ ಹೇಳಿದ್ದು. ಹುಷಾರಾದವರೂ ಆರಾಮ, ವಿಶ್ರಾಂತಿ ತೆಗೆದುಕೊಳ್ಳುವವರೂ ಆರಾಮ, ಎಚ್ಚರ ತಪ್ಪುತ್ತಿರುವವರೂ ನೋಡುವವರ ಕಣ್ಣಿಗೆ ಆರಾಮ. ಆದ್ದರಿಂದ ಉಡಿಯ ಹೊತ್ತಿಗೆ ಆ ಮಾತನ್ನು ಆಡಿದವಳ ಬೆರಳ ಗೆಣ್ಣಿಗೆ ಬಿಲ್ಲೆಯಿಂದ ಒಂದು ಏಟು ಬೀಳುತ್ತಿತ್ತು. ನನಗೆ ಬಿದ್ದ ಏಟು ಏಳೋ ಎಂಟೋ.

ಹಾಳೆ ಅರ್ಧಕ್ಕೇ ಯಾಕೆ ಹರಿದಿದೆ ಎಂಬುದು ಅವರು ಪ್ರತಿ ತಂಡಕ್ಕೂ ಕೇಳುತ್ತಿದ್ದ ಪ್ರಶ್ನೆ. ಯಾರೋ ಬಂದುಬಿಟ್ಟಿರಬೇಕು ಎನ್ನುವವರಿದ್ದರು. ಹೆದರಿಕೆಯಾಗಿರಬೇಕು ಎಂದರು ಕೆಲವರು. ಕಾಗದ ಗಟ್ಟಿಯಿತ್ತು ಎಂದು ನಾನು ಹೇಳಿ ಇಡೀ ಕೋಣೆಯನ್ನು ನಗಿಸಿದ್ದೆ. ಅಕ್ಕೋರು ನಗಲಿಲ್ಲ. “ಯಾರಿಗೂ ಗೊತ್ತಿಲ್ಲವ್ವ. ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದನ್ನ ಬಾಯಿಬಿಟ್ಟು ಹೇಳಾಕ ಕಲೀರಿ. ಅದಕ್ಕ ಕಣ್ಣು ಅಂತಾರ,” ಎಂದರು. ಹುಸಿಗಣ್ಣಾದರೆ ಮರ್ಯಾದೆ ಹೋಗುತ್ತದಲ್ಲ ಎಂದು ಒಬ್ಬಳು ಕೇಳಿದ್ದಕ್ಕೆ, “ಹುಸಿ ಆತಂದ್ರ ಪೇಢಾ ಹಂಚ್ರಿ. ಸಾಯಲಿಲ್ಲಂತ ಅಳ್ತಾರೇನ?” ಎಂದು ಗದರಿದ್ದರು. ನಿಜಕ್ಕೂ ಹಂಚುತ್ತಿದ್ದರು. ಅವರಿದ್ದ ಕಾಲದಲ್ಲಿ ನಮ್ಮ ವಾರ್ಡಿನಲ್ಲಿ ಹುಸಿಗಣ್ಣಿನ ಪೇಢಾ ಎಂಬುದೊಂದು ವಾಡಿಕೆಯೇ ಇತ್ತು. ಅವರು ನಿವೃತ್ತರಾದ ಮೇಲೆ ಪೇಢಾ ನಿಂತಿತು, ಹುಸಿಗಣ್ಣು ಎಂದು ಹಂಗಿಸುವುದು ಉಳಿಯಿತು.

ಈ ತಿಂಗಳ ಇಪ್ಪತ್ತೆರಡನೆಯ ದಿನ ಅಕ್ಕೋರು ನಮ್ಮದೇ ವಾರ್ಡಿಗೆ ರೋಗಿಯಾಗಿ ಬಂದರು. ಎಪ್ಪತ್ಮೂರು ವರ್ಷ, ಎದೆಯಲ್ಲಿ ಕಫ ಕಟ್ಟಿ ಜ್ವರ. ಕೊಟ್ಟದ್ದು ಐದನೆಯ ಮಂಚ. ಬೇಕೆಂದು ಕೊಟ್ಟದ್ದಲ್ಲ, ಖಾಲಿಯಿದ್ದದ್ದು ಅದೊಂದೇ. ಮಂಚದ ಸಂಖ್ಯೆ ನೋಡಿ ಅವರೇ, “ಆ ಗಿರಿಜವ್ವನ ಮಂಚಾನ ಬಂತಲ್ಲವಾ ನನಗ,” ಎಂದು ನಕ್ಕರು. ಅಕ್ಕಾ, ಅವರ ಪಾಲಿಗೆ ನೀವು ಗಿರಿಜವ್ವ. ಮೊದಲ ಮೂರು ದಿನ ಜ್ವರದಲ್ಲೂ ನಮ್ಮನ್ನು ಕುಣಿಸಿದರು. ಪಕ್ಕದ ಮಂಚದ ಚಾದರ ಓರೆ, ಕಿಟಕಿಯ ಮೇಲೆ ಧೂಳು, ಇವಳ ಉಗುರು ಉದ್ದ, ಅವಳ ನಡಿಗೆ ಸಪ್ಪಳ. ದಾದಿಯರು ಹೈರಾಣಾದರು. ನಾನು ಒಳಗೊಳಗೇ ಹಿಗ್ಗಿದೆ, ಯಾಕೆಂದರೆ ಬೈಗುಳ ಅಷ್ಟು ಜೋರಾಗಿದೆ ಎಂದರೆ ಜೀವ ಗಟ್ಟಿಯಿದೆ.

ಅದೇ ವಾರ ನಾನು ಎರಡು ಸಲ ಕಣ್ಣು ಎಂದು ಹೇಳಿ ಎರಡೂ ಹುಸಿಯಾಗಿದ್ದವು. ಒಂದು, ಹೊಟ್ಟೆನೋವಿನ ಮನುಷ್ಯ. ಅವನು ಇಡೀ ಪಾಳಿ ಗೊರಕೆ ಹೊಡೆದು ಎದ್ದು ಎರಡು ರೊಟ್ಟಿ ತಿಂದ. ಇನ್ನೊಂದು, ಹೆರಿಗೆಯಾದ ಹುಡುಗಿ. ಅವಳು ಮೌನವಾಗಿದ್ದದ್ದು ಅತ್ತೆಯ ಮೇಲಿನ ಸಿಟ್ಟಿಗೆ. ಕಾಲುಗಂಟೆಗೊಮ್ಮೆ ಎದ್ದು ಓಡಾಡಿದ ಶಾಹೀನಳಿಗೆ ಕಾಲು ನೋವು ಬಂತು. ಶಾಹೀನ ನನ್ನ ನಂತರದ ಪಾಳಿಯವಳು, ಹತ್ತು ವರ್ಷದ ಗೆಳತಿ, ಬಾಯಿ ಸ್ವಲ್ಪ ಜಾಸ್ತಿ. “ಹೊನ್ನಿ, ನಿನ್ನ ಕಣ್ಣಿಗೆ ಚಾಳೀಸ ಬಂದೈತಿ, ಕನ್ನಡಕಾ ಹಾಕ್ಕೋ,” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಐವತ್ತೆರಡು ವರ್ಷದವಳಿಗೆ ಅಂಥ ಮಾತು ತಾಗಬಾರದು. ತಾಗಿತು.

ಇಪ್ಪತ್ತಾರನೆಯ ದಿನ, ಮಧ್ಯಾಹ್ನ ಒಂದೂವರೆ. ಅಕ್ಕೋರ ಮಂಚದ ತಂಬಿಗೆಗೆ ನೀರು ತುಂಬಿ ನಾನು ಗಡಿಬಿಡಿಯಲ್ಲಿ ಎಡಗಡೆ ಇಟ್ಟೆ. ಇಟ್ಟ ಕೂಡಲೇ ನೆನಪಾಗಿ, ಬೈಗುಳಕ್ಕೆ ಮೈ ಬಿಗಿಹಿಡಿದು ನಿಂತೆ. ಅವರು ತಂಬಿಗೆಯನ್ನು ನೋಡಿದರು, ನನ್ನನ್ನು ನೋಡಿದರು, “ಇರಲಿ ಬಿಡವ್ವ,” ಎಂದು ಕಣ್ಣು ಮುಚ್ಚಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಹೆಂಗಸು ಯಾರಿಗೂ, ಯಾವುದಕ್ಕೂ ಇರಲಿ ಬಿಡು ಎಂದವರಲ್ಲ. ತಲೆಯೆತ್ತಿ ಗೋಡೆ ನೋಡಿದೆ. ನೆಲೆ ಎಂದು ಬರೆದಿತ್ತು. ನಾಡಿ ಸರಿ, ಉಸಿರು ಸ್ವಲ್ಪ ಬೇಗ ಆದರೆ ಗೆರೆಯೊಳಗೆ, ಜ್ವರ ಇಳಿದಿತ್ತು. ಆದರೂ ನಾನು ಬಿಲ್ಲೆ ತೆಗೆದು ಕೆಂಪು ದಾರ ಕಟ್ಟಿದೆ. ಇದನ್ನು ಯಾರೂ ನೋಡಲಿಲ್ಲ. ಕಟ್ಟಿ ಉಡಿಯಲ್ಲಿ ಹಾಕಿಕೊಂಡು ಉಳಿದ ಕೆಲಸಕ್ಕೆ ಹೋದೆ.

ಎರಡು ಗಂಟೆಗೆ ಶಾಹೀನ ನೆರಳುದಾರಿಯಿಂದ ಬೆವರು ಒರೆಸಿಕೊಳ್ಳುತ್ತ ಬಂದಳು. ಒಂದನೆಯ ಮಂಚ ನೆಲೆ. ಎರಡನೆಯದು ಕೈ, ರಕ್ತ ವಾಂತಿ ಮಾಡಿಕೊಂಡ ಮನುಷ್ಯ, ಅವನ ಬಳಿಯೇ ಅವಳು ಕೂರಬೇಕಿತ್ತು. ಮೂರು, ನಾಲ್ಕು ನೆಲೆ. ಐದನೆಯದಕ್ಕೆ ಬಂದಾಗ ನಾನು ಉಡಿಯೊಳಗೆ ಕೈ ಹಾಕಿದೆ, ದಾರ ಬೆರಳಿಗೆ ಸಿಕ್ಕಿತು. ಕಣ್ಣು ಎನ್ನಬೇಕು. ಯಾಕೆ ಎಂದು ಅವಳು ಕೇಳುವುದಿಲ್ಲ, ಕೇಳುವಂತಿಲ್ಲ, ಆದರೆ ಅವಳ ಹುಬ್ಬು ಕೇಳುತ್ತದೆ. ಏನು ಹೇಳಲಿ? ತಂಬಿಗೆ ಎಡಕ್ಕಿಟ್ಟರೂ ಬೈಯಲಿಲ್ಲ ಎಂದೇ? ಎರಡನೆಯ ಮಂಚ ಕೈ ಇರುವಾಗ, ಇವಳನ್ನು ಕಾಲುಗಂಟೆಗೊಮ್ಮೆ ಇಲ್ಲಿಗೂ ಓಡಿಸಿ, ಇದೂ ಹುಸಿಯಾದರೆ ಎಂದು ಯೋಚಿಸಿದೆ. ಜೇಬಿನೊಳಗೇ ಬೆರಳ ತುದಿಯಿಂದ ಗಂಟು ಬಿಚ್ಚಿದೆ. ಬರಿಯ ಬಿಲ್ಲೆ ಹೊರಗೆ ತೆಗೆದೆ. ‘ನೆಲೆ’ ಎಂದೆ.

ಅಕ್ಕಾ, ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲವೇನೋ. ಮುಂದೆ ನಾನು ಮಾಡಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನೆಲೆ ಎಂದ ಮೇಲೂ ಸಮಾಧಾನವಾಗದೆ, ಸ್ವಲ್ಪ ದನಿ ಎತ್ತಿ, ಅಕ್ಕೋರ ಕಿವಿಗೆ ಬೀಳುವ ಹಾಗೆ, “ಆರಾಮ ಮಲಗ್ಯಾರ,” ಎಂದೆ. ಬೇಕೆಂದೇ ಅಂದೆ. ಆ ಮಾತು ಕೇಳಿದರೆ ಸತ್ತಿದ್ದರೂ ಎದ್ದು ಬೈಯುವ ಹೆಂಗಸು ಅವರು. ಕಣ್ಣು ತೆರೆದು, “ಏ ಹೊನ್ನಿ, ಬೆರಳ ತಾ ಇಲ್ಲೆ,” ಎನ್ನಲಿ, ನಾನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತೇನೆ ಎಂದು ಕಾದೆ. ಶಾಹೀನ ಅದನ್ನು ತಮಾಷೆ ಎಂದುಕೊಂಡು ನಕ್ಕಳು. ಅಕ್ಕೋರ ರೆಪ್ಪೆ ಒಂದಿಷ್ಟು ಅಲುಗಿತು, ಅಷ್ಟೇ. ಬೈಯಲಿಲ್ಲ. ಅವರು ಬೈಯಲಿಲ್ಲ ಎಂಬುದನ್ನು ನಾನು ಕಂಡೆ. ನಾನೇ ಪರೀಕ್ಷೆ ಒಡ್ಡಿ, ನಾನೇ ಉತ್ತರ ಕಂಡು, ಆಮೇಲೂ ಬಿಲ್ಲೆಯನ್ನು ಅವಳ ಉಡಿಗೆ ಬಿಟ್ಟೆ. ಶಾಹೀನ ‘ನೆಲೆ’ ಎಂದು ತಿರುಗಿ ಹೇಳಿದಳು. ನಾನು ಮನೆಗೆ ಹೋಗಿ ರೊಟ್ಟಿ ತಿಂದು ಮಲಗಿದೆ.

ನಾಲ್ಕು ಗಂಟೆಗೆ ಸರಿಯಾಗಿ, ಕಟ್ಟಳೆಯ ಪ್ರಕಾರ, ಶಾಹೀನ ಎರಡನೆಯ ಮಂಚದ ಪಕ್ಕ ಇನ್ನೊಬ್ಬಳನ್ನು ನಿಲ್ಲಿಸಿ, ಐದನೆಯ ಮಂಚಕ್ಕೆ ಬಂದು ಕರೆದಳು. ಉತ್ತರವಿಲ್ಲ. ಅವಳು ಕೂಗಿಕೊಂಡದ್ದಕ್ಕೂ ಗೋಡೆ ಕೈ ಎಂದು ಕೆಂಪಾದದ್ದಕ್ಕೂ ನಡುವೆ ಒಂದೇ ಉಸಿರಿನಷ್ಟು ಅಂತರವಂತೆ. ಎದೆಯ ನಂಜು ರಕ್ತಕ್ಕೆ ಏರಿತ್ತು. ನಿದ್ದೆ ಎಂದು ನಾವು ಕಂಡದ್ದು ನಿದ್ದೆಯಾಗಿರಲಿಲ್ಲ. ವೈದ್ಯರು ಬಂದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಐದೂಕಾಲಿಗೆ ಮುಗಿಯಿತು. ಮೂರು ಗಂಟೆಗೆ ಗೊತ್ತಾಗಿದ್ದರೆ ಉಳಿಯುತ್ತಿದ್ದರು ಎಂದು ವೈದ್ಯರು ಮೆಲ್ಲಗೆ ಹೇಳಿದರು, ನನಗೆ ಕೇಳಿಸಲಿ ಎಂದಲ್ಲ. ನಾನು ಓಡಿ ಬರುವ ಹೊತ್ತಿಗೆ ಚಾದರ ಸರಿಮಾಡಿ ಮಲಗಿಸಿದ್ದರು. ಒಂದು ಮೂಲೆ ಓರೆಯಾಗಿತ್ತು. ಅದನ್ನು ಎಳೆದು ಸರಿಮಾಡಿದೆ, ಮತ್ತೆ ಎಳೆದೆ, ಶಾಹೀನ ಕೈ ಹಿಡಿಯುವವರೆಗೆ ಸರಿಮಾಡುತ್ತಲೇ ಇದ್ದೆನಂತೆ. ತಂಬಿಗೆ ಇನ್ನೂ ಎಡಗಡೆಯೇ ಇತ್ತು.

ಅಕ್ಕೋರನ್ನು ಮಣ್ಣಿಗೆ ಒಪ್ಪಿಸಿದ ದಿನ ಅವರ ಕೈಯಲ್ಲಿ ಕಲಿತ ದಾದಿಯರು ಎಲ್ಲೆಲ್ಲಿಂದಲೋ ಬಂದಿದ್ದರು. ಶಾಹೀನ ನನ್ನ ಭುಜಕ್ಕೆ ತಲೆಯಿಟ್ಟು, “ಅವರ ಮನಸ್ಸಿನ್ಯಾಗ ಏನಿತ್ತೋ ಏನೋ. ನೀ ಕಣ್ಣು ಅಂದಿದ್ರ ನಾ ಅಲ್ಲೇ ಕುಂದರ್ತಿದ್ನೆಲ್ಲವಾ. ನಿನಗರ ಏನ ಗೊತ್ತಿತ್ತು ಪಾಪ,” ಎಂದು ಅತ್ತಳು. ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ಹನ್ನೆರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನನ್ನ ಜೇಬಿನಲ್ಲಿ ದಾರ ಹಾಗೇ ಇತ್ತು. ಅದನ್ನು ಅವಳಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಎದೆ ಒಡೆದು ಹೋಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗುವುದಿಲ್ಲ ಅಕ್ಕಾ. ಅದು ನೆಟ್ಟಗೆ ಬಡಿದುಕೊಳ್ಳುತ್ತಲೇ ಇರುತ್ತದೆ, ಗೋಡೆಯ ಮುಂದೆ ನಿಂತರೆ ನನ್ನನ್ನೂ ನೆಲೆ ಎಂದೇ ಬರೆಯುತ್ತದೆ.

ನಮ್ಮ ಮೇಲ್ವಿಚಾರಕಿಯನ್ನು ದೊಡ್ಡಕ್ಕ ಎನ್ನುತ್ತೇವೆ. ಒಳ್ಳೆಯ ಹೆಂಗಸು. ನಿನ್ನೆ ನನ್ನನ್ನು ಕರೆದು ಕೂರಿಸಿ, “ಗೋಡೆನ ನೆಲೆ ಅಂದೈತಿ. ನಿನ್ನ ತಪ್ಪು ಎಲ್ಲೈತಿ? ಸಭಾದಾಗ ನೆಲೆ ಇತ್ತು, ನೆಲೆ ಅಂದೆ ಅಂತ ಹೇಳಿ ಸುಮ್ಮನಾಗು,” ಎಂದರು. ಹಾಗೆ ಹೇಳಿದರೆ ಸುಳ್ಳಲ್ಲ. ಆದರೆ ಸಭೆಯವರು ಅದನ್ನೇ ಕಾಯುತ್ತಿದ್ದಾರೆ. ಗೋಡೆಗೆ ಕಾಣದ್ದು ದಾದಿಗೂ ಕಾಣಲಿಲ್ಲ, ಹಾಗಿದ್ದರೆ ಕಣ್ಣು ಎಂಬ ಮಾತು ಯಾಕೆ ಬೇಕು ಎಂದು ಅಳಿಸಿ ಹಾಕುತ್ತಾರೆ. ಕಾಣಿಸಿತ್ತು, ದಾರ ಕಟ್ಟಿದ್ದೆ, ನಗುತ್ತಾರೆಂದು ಬಿಚ್ಚಿದೆ ಎಂದು ನಾನು ಹೇಳಿದರೆ ಆ ಮಾತು ಉಳಿಯುತ್ತದೆ. ನಾನು ಉಳಿಯುವುದಿಲ್ಲ. ಕಂಡೂ ಹೇಳದವಳ ಮೇಲಂಗಿಯಿಂದ ಉಡಿಯನ್ನು ಬಿಚ್ಚಿ ತೆಗೆಯುತ್ತಾರೆ. ಮತ್ತೆ ಯಾವ ಮಂಚದ ಬಿಲ್ಲೆಯೂ ಅವಳ ಕೈಗೆ ಬರುವುದಿಲ್ಲ. ಮೂವತ್ತು ವರ್ಷದಿಂದ ಆ ಜೇಬಿನ ಭಾರ ಹೊತ್ತು ನಡೆದವಳು ನಾನು. ಅದಿಲ್ಲದೆ ನಡೆಯುವುದು ಹೇಗೆ ಎಂಬುದು ನನಗೆ ಗೊತ್ತಿಲ್ಲ.

ಅದಕ್ಕೇ ಈ ಮುಚ್ಚುಹೊತ್ತಿನಲ್ಲಿ, ಯಾರೂ ಇಲ್ಲದ ಶಾಲೆಯ ಕೋಣೆಗೆ ಬಂದು ನಿಮ್ಮ ಹಾಳೆಯ ಕೆಳಗೆ ಕೂತಿದ್ದೇನೆ. ನಿಮ್ಮ ಮೂರು ಮಾತು ಇಲ್ಲದಿದ್ದ ದಿನ ನೀವು ಆರಾಮ ಎಂದಿರಿ. ನನಗೆ ಆ ಮೂರೂ ಇದ್ದವು. ನಿಮ್ಮ ಕೈಯಿಂದ ಬಂದು, ಎಷ್ಟೋ ಕೈ ದಾಟಿ, ಅಕ್ಕೋರ ಕೈಯಿಂದ ನನ್ನ ಉಡಿಗೆ ಬಿದ್ದಿದ್ದವು. ಆದರೂ ನಾನು ನಿಮ್ಮದೇ ಮಂಚದ ಪಕ್ಕ ನಿಂತು ನಿಮ್ಮದೇ ಮಾತು ಆಡಿದೆ. ನಿಮ್ಮ ಮುಂದೆ ತಲೆ ಎತ್ತಲು ನನಗೆ ನಾಚಿಕೆಯಾಗುತ್ತದೆ. ಆದರೆ ಇದನ್ನು ಯಾರಾದರೂ ಅರ್ಥ ಮಾಡಿಕೊಂಡರೆ ಅದು ನೀವೊಬ್ಬರೇ.

ಒಂದು ಬೇಡಿಕೆ. ನಾಲ್ಕು ನಲವತ್ತರ ಆ ಕೆಂಪು ಗೆರೆ ನೋಡಿದ ಮೇಲೆ ನೀವು ಆ ಹಾಳೆಯ ಮೇಲ್ತುದಿ ಹಿಡಿಯುತ್ತೀರಿ. ಹರಿದು ಹಾಕಿದರೆ ಯಾರೂ ಕೇಳುವವರಿಲ್ಲ, ಎರಡೇ ಪದ, ಎರಡೂ ಒಳ್ಳೆಯವೇ. ಕೈ ಕೆಳಗೆ ಎಳೆಯುತ್ತಿರುತ್ತದೆ. ನಡುವಿಗೆ ಬಂದಾಗ ದಯವಿಟ್ಟು ನಿಲ್ಲಿಸಿ. ಯಾಕೆ ಎಂದು ನಿಮಗೆ ಗೊತ್ತಾಗದಿದ್ದರೂ ನಿಲ್ಲಿಸಿ. ಈ ಕಾಗದವನ್ನು ಮಡಚಿ, ಚೌಕಟ್ಟಿನ ಗಾಜು ಸರಿಸಿ, ಆ ಹರುಕಿನೊಳಗೆ ಇಡುತ್ತಿದ್ದೇನೆ. ನಿಮ್ಮ ಕಡೆಯಿಂದ ಹರುಕು ಎಲ್ಲಿಗೆ ನಿಲ್ಲುತ್ತದೋ ನನ್ನ ಕಡೆಯಿಂದ ಕಾಗದ ಅಲ್ಲಿಗೆ ಬಂದು ತಾಗುತ್ತದೆ. ನೀವು ನಿಲ್ಲಿಸಿದ್ದು ಇದರಿಂದಲೇ ಎಂದು ನಂಬುವಷ್ಟು ಹುಚ್ಚಿ ನಾನಲ್ಲ. ಆದರೂ ನಂಬುತ್ತೇನೆ. ನಾಳೆ ಸಭೆಗೆ ಹೋಗುವ ಮೊದಲು ಶಾಹೀನಳ ಮನೆಗೆ ಹೋಗುತ್ತೇನೆ. ಮೊದಲು ಅವಳಿಗೆ ಹೇಳಬೇಕು, ಅವಳು ಊಟ ಮಾಡಬೇಕು. ಆಮೇಲೆ ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ, ಆರಾಮ ಎಂದು ಕೂಗಿ ಕಾದು ನಿಂತದ್ದನ್ನೂ.

ದಾರವನ್ನು ಈ ಕಾಗದಕ್ಕೆ ಕಟ್ಟಿದ್ದೇನೆ. ಉಡಿ ಕಳಚುವ ಮೊದಲು ನನಗೆ ಒಂದು ಪಾಳಿ ಒಪ್ಪಿಸುವುದು ಬಾಕಿಯಿದೆ. ನಿಮ್ಮನ್ನು ಬಿಟ್ಟರೆ ಅದನ್ನು ತೆಗೆದುಕೊಳ್ಳುವವರು ನನಗಿಲ್ಲ. ಕೇಳಿಸಿಕೊಳ್ಳಿ ಅಕ್ಕಾ.

ಐದನೆಯ ಮಂಚ. ರೆಬೆಕ್ಕ ಅಕ್ಕೋರು, ಎಪ್ಪತ್ಮೂರು ವರ್ಷ. ಕಣ್ಣು. ನಾಡಿ ಸರಿಯಿದೆ, ಜ್ವರ ಇಳಿದಿದೆ, ಗೋಡೆ ನೆಲೆ ಎನ್ನುತ್ತದೆ. ತಂಬಿಗೆ ಎಡಗಡೆ ಇಟ್ಟೆ, ಬೈಯಲಿಲ್ಲ. ಕಾರಣ ಇಷ್ಟೇ. ಕಾಲುಗಂಟೆಗೊಮ್ಮೆ ಹೆಸರು ಹಿಡಿದು ಕರೆಯಿರಿ, ಉತ್ತರ ಬರುವವರೆಗೆ ನಿಲ್ಲಿರಿ. ನಿಮ್ಮ ಉಡಿಯಲ್ಲಿ ಹಾಕಿದ್ದೇನೆ.